ದ್ಯಾಮವ್ವನ ಮುಖಕ್ಕೆ ಮೆರುಗೆಣ್ಣೆ

ಒಬ್ಬಳು ತಾಯಿ, ಒಬ್ಬನೇ ಮಗ. ತಾಯಿಗೆ ಬುದ್ಧಿ ಹೆಚ್ಚು, ಮಗನಿಗೆ ಹೇಳಿದ ಮಾತು ಕೇಳುವ ಗುಣ ಹೆಚ್ಚು. ಇವೆರಡೂ ಹೆಚ್ಚಾದ ಮನೆ ಉದ್ಧಾರ ಆಗಿದ್ದನ್ನ ಯಾರಾದರೂ ನೋಡೀರೇನ್ರವ್ವಾ?

ತಾಯಿ ಕಾಳವ್ವ, ಚಿತ್ರಗಾರರಾಕೆ. ಮಗ ಮೋನಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿದ್ದಿಲ್ಲ. ಸೆಗಣಿ ತಾ ಅಂದರೆ ತರುವ. ಎಲ್ಲಿಡಲಿ ಅಂತ ಕೇಳುವ. "ನನ್ನ ತಲಿ ಮ್ಯಾಲೆ ಇಡು" ಅಂದರೆ ಅಲ್ಲೇ ಇಡುವ. ಕಾಳವ್ವ ತಲೆ ತೊಳೆದುಕೊಳ್ಳುವಳು, ಹಣೆ ಹಣೆ ಬಡಿದುಕೊಳ್ಳುವಳು. "ಯವ್ವಾ, ನೀ ಬಡಕೊಂಡದ್ದು ಬಲಗೈಲೆ, ನಾನೂ ಬಲಗೈಲೆ ಬಡಕೊಳ್ಳಲೇನು?" ಅನ್ನುವ.

ಆ ಮನೆಯ ಕಸುಬು ಮೆರುಗು. ಈಗೇನು, ಆ ಮಾತು ಯಾರ ಬಾಯಿಗೆ ಬಿದ್ದರೂ ಒಂದೊಂದು ಅರ್ಥ. ಅಕ್ಕಸಾಲಿಗ ಅಂಟುವಾಳದ ನೊರೆಯಲ್ಲಿ ಬೋರಮಾಳ ತಿಕ್ಕಿ "ಮೆರುಗು ಬಂತು" ಅಂತಾನೆ. ಬೋಗಾರ ತಂಬಿಗೆಗೆ ಹುಣಸೆಹಣ್ಣು ಉಜ್ಜಿ ಹಂಗೇ ಅಂತಾನೆ. ಹೆಣ್ಣು ತೋರಿಸುವವರು ಹುಡುಗಿಯ ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿ ಹಂಗೇ ಅಂತಾರೆ. ಇದ್ದದ್ದಕ್ಕೆ ಇನ್ನೆರಡು ಸೇರಿಸಿ ಹೇಳಿದರೆ "ಮೆರುಗು ಹಚ್ಚಬ್ಯಾಡವ್ವಾ" ಅಂತಾರೆ, ಅದೂ ಯಾರು, ಆಗಷ್ಟೇ ತಾವು ನಾಲ್ಕು ಸೇರಿಸಿ ಬಂದವರು. ಹಿಂದಿನ ಮುದುಕಿಯರ ಕಾಲಕ್ಕೆ ಆ ಊರಲ್ಲಿ ಮೆರುಗು ಅಂದರೆ ಒಂದೇ. ಚಂದ್ರಸದ ಅಂಟನ್ನು ಅಗಸಿ ಎಣ್ಣೆಯಲ್ಲಿ ಕುದಿಸಿ, ಸೋಸಿ, ಬೆಚ್ಚಗಿದ್ದಾಗಲೇ ಕಟ್ಟಿಗೆಯ ದೇವರಿಗೆ ಅಂಗೈಯಿಂದ ಸವರುವ ಮೆರುಗೆಣ್ಣೆ. "ಮೆರುಗಿಗೆ ಹೋಗಿದ್ದೆ" ಅಂದರೆ ಚಿತ್ರಗಾರರ ಓಣಿಗೆ ಹೋಗಿದ್ದೆ ಅಂತಲೇ. ಪ್ಯಾಟಿಯಿಂದ ವಾರ್ನಿಷ್ ಡಬ್ಬಿ ಬಂತು, ಎಣ್ಣೆ ಹೋಯಿತು, ಮಾತು ಮಾತ್ರ ಉಳಿಯಿತು. ಮಾತು ಜಾಣ. ಒಡೆಯ ಸತ್ತರೆ ಮಂದಿ ಮನೆ ಹೊಕ್ಕು ಬದುಕುತ್ತದೆ. ಗಂಡ ಸತ್ತಾಕೆಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ಊರದೇವಿ ದ್ಯಾಮವ್ವ ಕಟ್ಟಿಗೆಯಾಕೆ. ಬಣ್ಣ ಹಳತಾದರೆ ಚಿತ್ರಗಾರರ ಮನೆಗೆ ಬಂದು ಕೂಡುವಳು. "ದ್ಯಾಮವ್ವ ತವರಿಗೆ ಬಂದಾಳ" ಅಂತಾರೆ. ಒಳಗೆ ಪರದೆ ಕಟ್ಟಿ, ಉಪವಾಸವಿದ್ದು, ಮನೆಯ ಗಂಡಸು ಬಣ್ಣ ಬರೆಯಬೇಕು, ಕಡೆಗೆ ಮೆರುಗೆಣ್ಣೆ ಸವರಬೇಕು. ಹೆಂಗಸು ಮುಟ್ಟಂಗಿಲ್ಲ. ಗಂಡ ಸತ್ತಾಕೆಯಂತೂ ನೆರಳೂ ಬೀಳಿಸಂಗಿಲ್ಲ. ಬಣ್ಣ ಬರೆಯುವ ಕೈ ಯಾರದೋ ಅವರಿಗೇ ಊರು ಬಿಟ್ಟುಕೊಟ್ಟ ದ್ಯಾಮವ್ವನ ಮಾನ್ಯದ ಮನೆ. ಕೈ ತಪ್ಪಿದರೆ ಮನೆ ತಪ್ಪಿತು.

ಆ ಮನೆಯಲ್ಲೇ ಕಾಳವ್ವ ಇದ್ದದ್ದು. ಗಂಡನ ಕೈ ಕುಡಿದ ಶೆರೆಗೆ ನಡುಗತೊಡಗಿದ ಮೇಲೆ ದ್ಯಾಮವ್ವನ ಮೈಗೆ ಕೈ ಹಚ್ಚಿದವಳು ಈಕೆಯೇ. ಗಂಡ ಪರದೆಯ ಒಳಗೇ ಕೂತು ಮೀಸೆ ತಿರುವಿ, ಹೊರಗೆ ಕೇಳುವಂತೆ ಕೆಮ್ಮುತ್ತಿದ್ದ. ಊರೆಲ್ಲ "ಏನ್ ಕೈಯಪ್ಪಾ ಅವಂದು!" ಅಂತ ಧೋತರ ಹೊದಿಸಿ ಆಹೇರಿ ಮಾಡಿತು. ಆ ಗಂಡ ಸತ್ತ. ಸಾಯುವುದಕ್ಕೆ ಹೊತ್ತು ನೋಡಲಿಲ್ಲ, ದ್ಯಾಮವ್ವ ತವರಿಗೆ ಬರುವ ವರ್ಷವೇ ಸತ್ತ.

ಮೈದುನ ದೇವೇಂದ್ರಪ್ಪ ಅದಕ್ಕೇ ಕಾದಿದ್ದ. ಬಗಲಲ್ಲಿ ವಾರ್ನಿಷ್ ಡಬ್ಬಿ, ಕಣ್ಣೆಲ್ಲ ಮಾನ್ಯದ ಮನೆಯ ಮೇಲೆ. "ಮೋನ್ಯಾನ ಕೈ ನೋಡೇ ಬಿಡೂಣು. ಬಂದ್ರ ಅವಂದು, ಬರಲಿಲ್ಲಂದ್ರ ನಂದು" ಅಂತ ಕಟ್ಟೆಯ ಮೇಲೆ ಸಾರಿದ. ತೀರ್ಪು ಹೇಳುವವರು ಇಬ್ಬರು: ಊರ ಗೌಡ, ಗುಡಿ ಪೂಜಾರಿ. ಕಾಳವ್ವ ಲೆಕ್ಕ ಹಾಕಿದಳು. ಅವರಿಬ್ಬರ ಮನೆಗೆ ಸಣ್ಣಪುಟ್ಟ ಕೆಲಸಕ್ಕೆ ಮಗನನ್ನ ಕಳಿಸಬೇಕು, "ಹುಡುಗ ಕೆಲಸಗಾರ" ಅನ್ನಿಸಬೇಕು.

ಮೊದಲು ಗೌಡರ ಮನೆ. ಗೌಡತಿಯ ಊಟದ ಮಣೆಗೆ ಮೆರುಗೆಣ್ಣೆ ಸವರುವುದು.

"ಸವರು, ಅವರ ಮುಂದ ಇಡು, ಬಾಯಿ ಬಿಡಬ್ಯಾಡ. ನೀ ಬಾಯಿ ಬಿಟ್ರ ಬಣ್ಣ ಬಯಲಾಗತೈತಿ."

"ಬಾಯಿ ಬಿಡೂದಿಲ್ಲವ್ವಾ."

ಸವರಿದ, ಹಸಿ ಹಸಿಯಾಗೇ ಒಯ್ದ, ಗೌಡತಿಯ ಮುಂದೆ ಇಟ್ಟ. ಗೌಡತಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಬೀಗರು ಬಂದಿದ್ದರು. ಕೂತಳು. ಇವ ನೋಡಿದ, ಬಾಯಿ ಬಿಡಲಿಲ್ಲ. ಉಂಡಳು. ನೋಡಿದ, ಬಾಯಿ ಬಿಡಲಿಲ್ಲ. ಎದ್ದಳು. ಮಣೆಯೂ ಎದ್ದಿತು! ಬೀಗರ ಎದುರಿಗೆ ಗೌಡತಿ ಹಿಂದೆ ಮಣೆ ಹೊತ್ತುಕೊಂಡು ಅಡಿಗೆಮನೆ ತನಕ ನಡೆದಳು.

ಕಾಳವ್ವ ಒನಕೆ ಎತ್ತಿದಳು. "ಮೂಳಾ! ಒಣಗಿಲ್ಲಂತ ಹೇಳಾಕ ಏನಾಗಿತ್ತೊ ನಿನಗ?"

"ಬಾಯಿ ಬಿಡಬ್ಯಾಡ ಅಂದಿದ್ದೆಲ್ಲ ನೀನು!"

"ಹೊಳಿಯೂದು ಕಂಡ್ರ ಒದರಬೇಕೊ! 'ಮುಟ್ಟಬ್ಯಾಡ್ರಿ, ಇನ್ನೂ ಹಸಿ ಐತಿ, ಮುಟ್ಟಿದ್ರ ಕಲಿ ಬೀಳ್ತಾವ' ಅಂತ ನಾಕ್ ಮಂದಿಗೆ ಕೇಳಂಗ ಒದರಬೇಕು!"

"ಆತವ್ವಾ, ಒದರ್ತೀನಿ."

ಒದರುವ ದಿನ ದೂರ ಇರಲಿಲ್ಲ. ಗೌಡರ ಮಗಳಿಗೆ ಅರಿಷಿಣ ಹಚ್ಚುವ ಶಾಸ್ತ್ರ ಬಂತು. ಕಾಳವ್ವ ಮಗನ ಕೈಯಲ್ಲಿ ಬಾಸಿಂಗ ಕೊಟ್ಟು ಕಳಿಸಿದಳು. ಚಿತ್ರಗಾರರ ಮನೆಯ ಬಾಸಿಂಗವಿಲ್ಲದೆ ಆ ಊರಲ್ಲಿ ಮದುವೆಯಿಲ್ಲ. ಚಪ್ಪರದ ಕೆಳಗೆ ಹುಡುಗಿ ಕೂತಿದ್ದಳು, ಅರಿಷಿಣ ಎಣ್ಣೆ ಬಳಿದುಕೊಂಡು ಫಳಫಳ ಹೊಳೆಯುತ್ತಿದ್ದಳು. ಗಂಡಿನ ಕಡೆಯ ಮುತ್ತೈದೆಯರು ಕೆನ್ನೆಗೆ ಕೈ ಚಾಚಿದ್ದೇ ತಡ—

"ಮುಟ್ಟಬ್ಯಾಡ್ರೀ! ಇನ್ನೂ ಹಸಿ ಐತೀ! ಮುಟ್ಟಿದ್ರ ಕಲಿ ಬೀಳ್ತಾವರೀ!"

ಮುತ್ತೈದೆಯರ ಕೈ ಗಾಳಿಯಲ್ಲೇ ನಿಂತವು. ಗಂಡಿನ ಸೋದರತ್ತೆ ಕಣ್ಣು ಸಣ್ಣ ಮಾಡಿದಳು. "ಏನಂದಿ? ಯಾರು ಮುಟ್ಟ್ಯಾರ? ಎಲ್ಲೆ ಬಿದ್ದೈತಿ ಕಲಿ?"

ಆ ಹುಡುಗಿಗೂ ಬಂಗಾರದ ಕೆಲಸದ ಪತ್ತಾರರ ಹುಡುಗನಿಗೂ ಏನಿತ್ತೋ ಏನಿರಲಿಲ್ಲವೋ, ಮಂದಿಗೆ ಯಾಕೆ ಬೇಕು! ಬೋರಮಾಳಕ್ಕೆ ಮೆರುಗು ಹಾಕಿಸುವ ನೆಪದಲ್ಲಿ ಆಕೆ ಆ ಅಂಗಡಿಗೆ ಎಷ್ಟು ಸಲ ಹೋಗಿಬಂದಳು, ಅಷ್ಟು ಉಜ್ಜಿದ್ದರೆ ಬಂಗಾರ ಸವೆದು ದಾರ ಉಳಿಯಬೇಕಿತ್ತು, ಅಂತ ಹೇಳುವವರು ಹೇಳಿದರು. ಮದುವೆ ನಿಲ್ಲಲಿಲ್ಲ. ಆದರೆ ಗೌಡ ಬೀಗರ ಕಾಲು ಹಿಡಿದು ಎದ್ದ, ಎದ್ದವನು ಚಿತ್ರಗಾರರ ಓಣಿಯ ಕಡೆ ನೋಡಿ ಹಲ್ಲು ಕಡಿದ.

"ನಿನ್ನ ಬಾಯಾಗ ಮಣ್ಣು ಹಾಕ!" ಕಾಳವ್ವ ಎದೆ ಎದೆ ಬಡಿದುಕೊಂಡಳು. "ಕಲಿ ಅಂತೀಯಲ್ಲೊ, ಮದುವಿ ಮನ್ಯಾಗ ಕಲಿ ಅಂತಾರೇನೊ?"

"ಹೊಳಿಯೂದು ಕಂಡ್ರ ಒದರು ಅಂದಿ, ಒದರಿದೆ."

"ಹೊಳಿಯೂದು ಕಂಡ್ರ ಹೊಗಳಬೇಕೊ ಖೋಡಿ! 'ಎಂಥಾ ಹೊಳಪರೀ! ಯಾರ ಕೈಕೆಲಸ ಇದು? ಆ ಕೈಗೆ ಬೆಳ್ಳಿ ಕಡಗ ತೊಡಸಬೇಕು' ಅನ್ನಬೇಕು. ನಕ್ಕೋಂತ ಅನ್ನಬೇಕು!"

"ನಕ್ಕೋಂತ ಅಂತೀನವ್ವಾ."

ಮರುದಿನ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದ. ಸರದಿಯಲ್ಲಿ ಅರ್ಧ ಊರಿನ ಹೆಂಗಸರು. ನಡುವೆ ಅವನ ಚಿಗವ್ವ ನೀಲವ್ವ, ದೇವೇಂದ್ರಪ್ಪನ ಹೆಂಡತಿ. ಎಡಗೆನ್ನೆ ಬಾತು, ನೀಲಿಗಟ್ಟಿ, ಚರ್ಮ ಬಿಗಿದು ಮಿರಿಮಿರಿ ಮಿಂಚುತ್ತಿತ್ತು. ಯಾರು ಕೇಳಿದರೂ ಒಂದೇ ಮಾತು, "ಬಚ್ಚಲದಾಗ ಜಾರಿ ಬಿದ್ದೆವ್ವಾ." ಹೋದ ಯುಗಾದಿಗೂ ಬಚ್ಚಲ, ಈ ಪಂಚಮಿಗೂ ಬಚ್ಚಲ. ಆ ಬಚ್ಚಲ ಎಂಥ ಬಚ್ಚಲ ಅನ್ನುವುದು ಓಣಿಗೆಲ್ಲ ಗೊತ್ತಿತ್ತು. ಆದರೂ ಎಲ್ಲರೂ "ನೋಡಿ ಕಾಲಿಡಬೇಕವ್ವಾ" ಅಂತ ಬುದ್ಧಿ ಹೇಳುವವರೇ. ಇದೂ ಒಂದು ಮೆರುಗು, ಇದಕ್ಕೆ ಚಂದ್ರಸ ಬೇಡ, ಎಣ್ಣೆ ಬೇಡ, ನೆರೆಹೊರೆ ಇದ್ದರೆ ಸಾಕು.

ಮೋನಪ್ಪ ಬುಟ್ಟಿ ಇಳಿಸಿದ. ಹತ್ತಿರ ಹೋದ. ನಕ್ಕ.

"ಎಂಥಾ ಹೊಳಪು ಚಿಗವ್ವಾ! ಯಾರ ಕೈಕೆಲಸ ಇದು? ಆ ಕೈಗೆ ಬೆಳ್ಳಿ ಕಡಗ ತೊಡಸಬೇಕು!"

ಗಿರಣಿ ತಿರುಗುತ್ತಿತ್ತು, ಬಾಯಿಗಳು ನಿಂತವು. ನೀಲವ್ವ ಅವನ ಮುಖ ನೋಡಿದಳು. ಅಷ್ಟು ವರ್ಷದಲ್ಲಿ ಯಾರ ಕೈ ಅಂತ ಕೇಳಿದವನು ಅವನೊಬ್ಬನೇ.

"ನಿಮ್ಮ ಕಾಕಾಂದಪ್ಪಾ" ಅಂದಳು.

ಹಿಟ್ಟು ಬೀಸಿ ಮುಗಿಯುವ ಮೊದಲೇ ಸುದ್ದಿ ಊರೆಲ್ಲ ಬೀಸಿ ಬಂತು. ಸಂಜೆಗೆ ದೇವೇಂದ್ರಪ್ಪ ಕಾಳವ್ವನ ಅಂಗಳದಲ್ಲಿ ನಿಂತ. "ಮಗನ್ನ ಛೂ ಬಿಟ್ಟೀಯೇನ? ಬಿಡು. ದ್ಯಾಮವ್ವನ ಮೈಗೆ ನೀವು ಏನರ ಬಳಕೋರಿ, ಮುಖದ ಮೆರುಗು ಮಾತ್ರ ಗೌಡನ ಮುಂದ, ಪೂಜಾರಿ ಮುಂದ, ನನ್ನ ಮುಂದ ನಿನ್ನ ಮಗಾ ಸವರಬೇಕು. ಒಬ್ಬಾವನ. ನೋಡ್ತೀನಿ!"

ಕಾಳವ್ವ ಮಗನನ್ನ ಒಳಗೆ ಎಳೆದುಕೊಂಡಳು. ಬಾಗಿಲು ಹಾಕಿ ಮಗನಿಗೆ ಬೈದಳು. ಆದರೆ ಆ ಸಲದ ಬೈಗುಳಕ್ಕೆ ಖಾರವಿದ್ದಿಲ್ಲ. ನೀಲವ್ವನ ಕೆನ್ನೆ ತಾನೂ ನೋಡಿದ್ದಳಲ್ಲ, ತಾನೂ "ನೋಡಿ ಕಾಲಿಡು" ಅಂದವಳೇ.

"ಮಂದಿ ಬಿರುಕು ಕಂಡ್ರ ಕೇಳಬ್ಯಾಡೊ. ಹೊಗಳಲೂ ಬ್ಯಾಡ, ಒದರಲೂ ಬ್ಯಾಡ. ಸುಮ್ಮಕ ಬಿರುಕು ತುಂಬು, ಮ್ಯಾಲೆ ಮೆರುಗೆಣ್ಣಿ ಸವರು, ಎದ್ದು ಬಾ. ಊರಾಗ ಬದುಕೂದು ಹಿಂಗ."

"ಹಿಂಗಽ ಬದುಕ್ತೀನವ್ವಾ."

ಇನ್ನು ಉಳಿದವನು ಪೂಜಾರಿ ಒಬ್ಬ. ಗುಡಿ ಬಾಗಿಲ ಚೌಕಟ್ಟು ಸೀಳು ಬಿಟ್ಟಿದೆ ಅಂತ ಅವನೇ ಹೇಳಿಕಳಿಸಿದ್ದ. ಕಾಳವ್ವ ಒಂದು ಬಟ್ಟಲಲ್ಲಿ ಹುಣಸೆಬೀಜದ ಅಂಟು ಸರಿ, ಒಂದರಲ್ಲಿ ಮೆರುಗೆಣ್ಣೆ ಕೊಟ್ಟಳು. ನಡು ಮಧ್ಯಾಹ್ನ. ಪೂಜಾರಿ ಹೊಸ್ತಿಲಿಗೆ ಕಾಲು ಚಾಚಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಮೋನಪ್ಪನ ಕಣ್ಣು ಚೌಕಟ್ಟಿನ ತನಕ ಹೋಗಲೇ ಇಲ್ಲ. ಎದುರಿಗೇ ಪೂಜಾರಿಯ ಹಿಮ್ಮಡಿ! ಎರೆಹೊಲ ಬ್ಯಾಸಗಿಯಲ್ಲಿ ಬಾಯಿ ಬಿಟ್ಟ ಹಾಗೆ ಬಿರುಕು! ಕೇಳಲಿಲ್ಲ. ಹೊಗಳಲಿಲ್ಲ. ಒದರಲಿಲ್ಲ. ಒಂದೊಂದೇ ಬಿರುಕಿಗೆ ಸರಿ ತುಂಬಿದ, ನುಣ್ಣಗೆ ಮಾಡಿದ, ಎರಡೂ ಪಾದಕ್ಕೆ ಮೆರುಗೆಣ್ಣೆ ಸವರಿದ, ಜೋಡಿಸಿ ಇಟ್ಟ, ಎದ್ದು ಬಂದ.

ಆಮೇಲೆ ಒಬ್ಬ ಹೆಂಗಸು ಬಂದಳು. ಯಾರು, ಆ ಉರಿಬಿಸಿಲ ಹೊತ್ತಿನಲ್ಲಿ ಬಾಗಿಲು ಮುಚ್ಚಿದ ಗುಡಿಗೆ ಯಾಕೆ, ಕೈಯಲ್ಲಿ ಹಣ್ಣುಕಾಯಿ ಬಿಟ್ಟು ಹುರಕ್ಕಿ ಹೋಳಿಗೆ ಯಾಕೆ, ಕೇಳಬ್ಯಾಡ್ರಿ. ಪೂಜಾರಿಯ ಪಾದ ಫಳಫಳ ಹೊಳೆಯುವುದನ್ನ ಕಂಡು ಆಕೆಗೆ ನಿಜವಾದ ಭಕ್ತಿಯೇ ಬಂದುಬಿಟ್ಟಿತು. "ಯಪ್ಪಾ, ನೀ ದೇವರಾದಿ!" ಅಂತ ಕಾಲಿಗೆ ಬಿದ್ದಳು. ಪೂಜಾರಿ ಗಡಬಡಿಸಿ ಎದ್ದ. ಎರಡು ಪಾದ ಒಂದಾಗಿದ್ದವು. ಧಡಕ್ಕನೆ ಬಿದ್ದ, ಬಿದ್ದದ್ದು ಆಕೆಯ ಮೇಲೆ. ಅದೇ ಹೊತ್ತಿಗೆ ಪೂಜಾರಿಯ ಹೆಂಡತಿ ಬುತ್ತಿ ತಂದಳು.

"ಹೋತೊ, ಪೂಜಾರೀನೂ ಹೋದ!" ಕಾಳವ್ವ ಗೋಡೆಗೆ ಒರಗಿದಳು. "ಆ ಕಾಲು ಬಿಟ್ರ ಬ್ಯಾರೆ ಬಿರುಕು ಕಾಣಲಿಲ್ಲೇನೊ ನಿನಗ?"

"ಎಷ್ಟಿದ್ದುವವ್ವಾ! ಒಂದೂ ಬಿಟ್ಟಿಲ್ಲ."

ಕಾಳವ್ವ ಅತ್ತಳು. ಅಳುವುದನ್ನ ಮುಗಿಸಿ ಮಗನ ಎರಡೂ ಭುಜ ಹಿಡಿದಳು. "ಮೋನ್ಯಾ, ಇಲ್ಲಿ ಕೇಳು. ನನ್ನ ಮಾತು ಇನ್ನ ಮ್ಯಾಲೆ ಕೇಳಬ್ಯಾಡ. ನನ್ನ ಕೈ ನೋಡು. ದ್ಯಾಮವ್ವ ತವರಿಗೆ ಬರ್ತಾಳ. ನಾ ಆಕಿ ಮೈಗೆ ಮೆರುಗು ಹ್ಯಾಂಗ ಸವರತೀನಿ ನೋಡು. ಹಂಗಽ ನೀ ಮುಖಕ್ಕ ಸವರು. ನಾ ಮಾಡಿದ್ದು ಒಂದೂ ಬಿಡಬ್ಯಾಡ, ನಿಂದು ಒಂದೂ ಕೂಡಸಬ್ಯಾಡ."

"ಒಂದೂ ಬಿಡೂದಿಲ್ಲವ್ವಾ."

ದ್ಯಾಮವ್ವ ಬಂದಳು. ಪರದೆ ಬಿತ್ತು. ಕಾಳವ್ವ ಹಗಲೆಲ್ಲ ಒಳಗೆ, ಮಗ ಪಕ್ಕದಲ್ಲಿ. ಆಕೆ ಬಣ್ಣ ಬರೆದಳು, ಇವ ನೋಡಿದ. ಕೈಗೆ, ಕಾಲಿಗೆ, ಎದೆಗೆ ಮೆರುಗೆಣ್ಣೆ ಸವರಿದಳು, ಇವ ನೋಡಿದ. ರೆಪ್ಪೆ ಬಡಿಯದೆ ನೋಡಿದ. ಕಡೆಗೆ ಒಂದು ಕಟ್ಟಿಗೆಯ ಕುದುರೆ ಕೊಟ್ಟು "ಸವರು" ಅಂದಳು. ಸವರಿದ. ಕಾಳವ್ವ ಕುದುರೆಯ ಮುಖದಲ್ಲಿ ತನ್ನ ಮುಖ ಕಂಡಳು. ಮಗನನ್ನ ಹೆತ್ತಾಗಿನಿಂದ ಆಕೆ ಹಂಗೆ ನಕ್ಕಿದ್ದಿಲ್ಲ. ಮನೆ ಉಳಿಯಿತು ಅಂದುಕೊಂಡಳು.

ಆ ದಿನ ಬಂತು. ಗೌಡ ಬಂದ, ಪೂಜಾರಿ ಕುಂಟುತ್ತ ಬಂದ, ದೇವೇಂದ್ರಪ್ಪ ಡಬ್ಬಿ ಹಿಡಿದೇ ಬಂದ. ಮೂವರೂ ಕಂಬಳಿಯ ಮೇಲೆ ಕೂತರು. ಪರದೆ ಸರಿಸಿದರು. ದ್ಯಾಮವ್ವ ಮೈಯೆಲ್ಲ ಹೊಳೆಯುತ್ತಿದ್ದಳು, ಮುಖ ಮಾತ್ರ ಮಂಕಾಗಿತ್ತು. ಕಾಳವ್ವ ಅಡಿಗೆಮನೆಯ ಬಾಗಿಲ ಹಿಂದೆ ಸಂದಿಗೆ ಕಣ್ಣಿಟ್ಟು ನಿಂತಳು.

"ಶುರು ಮಾಡಪಾ" ಅಂದ ಗೌಡ.

ಮೋನಪ್ಪ ಎದ್ದ. ಮೊದಲು ಮುಂಬಾಗಿಲ ಅಗಳಿ ಹಾಕಿದ. ಸಂದಿಯಿಂದ ಆ ಕಡೆ ಈ ಕಡೆ ಇಣುಕಿದ.

"ಯಾರನ್ನ ನೋಡ್ತೀಯೊ? ಬರೂವರೆಲ್ಲಾ ಬಂದೀವಿ" ಅಂದ ಗೌಡ.

ಹೆಗಲ ಮೇಲಿನ ವಲ್ಲಿ ತೆಗೆದ, ತಲೆಯ ಮೇಲೆ ಹೊದ್ದ, ತುದಿಯನ್ನ ಮೂಗಿಗೆ ಅಡ್ಡ ಎಳೆದು ಹಲ್ಲಲ್ಲಿ ಕಚ್ಚಿದ. ಥೇಟು ಸೆರಗು.

"ಉಸಿರು ತಾಗಬಾರದಂತ. ಮಡಿ ಗೊತ್ತೈತಿ ಹುಡುಗಗ" ಅಂದ ಪೂಜಾರಿ.

ಬಾಗಿಲ ಹಿಂದೆ ಕಾಳವ್ವ ಆ ಸೆರಗಿನ ಗುರುತು ಹಿಡಿದಳು. ಕೈ ನೋಡು ಅಂದಿದ್ದಳು. ಒಂದೂ ಬಿಡಬೇಡ ಅಂದೂ ಅಂದಿದ್ದಳು.

ಮೋನಪ್ಪ ದೇವೇಂದ್ರಪ್ಪನ ಮನೆಯ ದಿಕ್ಕಿಗೆ ತಿರುಗಿದ. ಥೂ ಅಂತ ಉಗುಳಿದ. "ದೇವೇಂದ್ರ್ಯಾ, ನಿನ್ನ ಡಬ್ಬಿಗೆ ಬೆಂಕಿ ಬೀಳ್ಲಿ, ನಿನ್ನ ಕೈ ಸೇದಿಹೋಗ್ಲಿ."

"ಏನಂದ್ಯೊ ಮಗನ?" ದೇವೇಂದ್ರಪ್ಪ ಎದ್ದ. ಗೌಡ ಅಂಗಿ ಹಿಡಿದು ಕೂರಿಸಿದ.

ಮೋನಪ್ಪ ಬಟ್ಟಲಲ್ಲಿ ಅಂಗೈ ಅದ್ದಿದ. ದ್ಯಾಮವ್ವನ ಗಲ್ಲದ ಮೇಲೆ ಇಟ್ಟ. ಕಣ್ಣಲ್ಲಿ ನೀರು ತಂದ. ದನಿ ಇಳಿಸಿದ, ಸಣ್ಣ ಮಾಡಿದ, ಆಕೆಯದೇ ದನಿ:

"ಯವ್ವಾ ದ್ಯಾಮವ್ವಾ, ಗಂಡ ಸತ್ತಾಕಿ ಮುಟ್ಟಾಕತ್ತೀನಿ, ಹೊಟ್ಟ್ಯಾಗ ಹಾಕ್ಕೊ. ಗಂಡ ಇದ್ದಾಗನೂ ನಾನಽ ಮುಟ್ಟಿದ್ದು, ನಿನಗ ಗೊತ್ತೈತಿ. ನಾ ಮುಟ್ಟಲಿಲ್ಲಂದ್ರ ನನ್ನ ಹುಚ್ಚ ಮಗಾ ಬೀದಿಗೆ ಬೀಳ್ತಾನ. ಯಾರ ಮುಂದೂ ಹೇಳಬ್ಯಾಡವ್ವಾ."

ದೇವೇಂದ್ರಪ್ಪ ನೆಗೆದು ನಿಂತ. "ಕೇಳಿದ್ರಿ? ಕೇಳಿದ್ರಿಲ್ಲೊ? ರಂಡಿ ಮುಟ್ಟಿದ ದೇವರು! ಬಿಡಸ್ರಿ ಅವನ ಕೈ!"

ಬಿಡಿಸುವುದು ಹೇಗೆ? ಮುಖಕ್ಕೆ ಮೆರುಗೆಣ್ಣೆ ಹಚ್ಚತೊಡಗಿದ ಮೇಲೆ ನಡುವೆ ಕೈ ಎತ್ತಂಗಿಲ್ಲ. ಎತ್ತಿದರೆ ಅಲ್ಲಿ ಗೆರೆ ನಿಲ್ಲುತ್ತದೆ, ಮತ್ತೆ ಹೋಗುವುದಿಲ್ಲ. ಮುಖ ಸೀಳಿದ ದೇವಿಯನ್ನ ಊರೊಳಗೆ ಕರೆದುಕೊಂಡು ಹೋಗುವ ಧೈರ್ಯ ಯಾವ ಗೌಡನಿಗಿದೆ? "ಕೂಡು" ಅಂದ ಗೌಡ. ಮೂವರೂ ಕೂತರು. ಬೈಗುಳ ನುಂಗಿಕೊಂಡು, ಹಲ್ಲು ಕಚ್ಚಿಕೊಂಡು, ಮುಗಿಯುವ ತನಕ ನೋಡಿದರು. ಮೋನಪ್ಪನ ಅಂಗೈ ಗಲ್ಲದಿಂದ ಕೆನ್ನೆಗೆ, ಕೆನ್ನೆಯಿಂದ ಹಣೆಗೆ ಹೋಯಿತು, ಒಂದೇ ಎಳೆತ. ಮುಖ ಬೆಳಗಿತು. ಗೆರೆಯ ಮಾತು ಬಿಡಿ, ಒಂದು ಕೂದಲಷ್ಟು ಕುಂದಿಲ್ಲ. ಆ ಊರಲ್ಲಿ ಅಂಥ ಮೆರುಗು ಮೊದಲೂ ಕಂಡಿದ್ದಿಲ್ಲ, ಆಮೇಲೂ ಕಾಣಲಿಲ್ಲ. ಪೂಜಾರಿಯ ಕೈ ಅವನ ಬುದ್ಧಿ ಕೇಳದೆ ತಾನೇ ಮುಗಿದುಕೊಂಡಿತು.

ಮೋನಪ್ಪ ಬಟ್ಟಲನ್ನ ವಲ್ಲಿಯ ಕೆಳಗೆ ಮುಚ್ಚಿಟ್ಟುಕೊಂಡ. ಯಾರ ಮುಖವನ್ನೂ ನೋಡಲಿಲ್ಲ. ತಲೆ ತಗ್ಗಿಸಿ ಹಿತ್ತಲ ಬಾಗಿಲಿನಿಂದ ಹೊರಗೆ ಹೋದ.

ಗೌಡ ಗಂಟಲು ಸರಿ ಮಾಡಿಕೊಂಡ. "ಕಾಳವ್ವಾ, ಬಾಗಿಲ ಹಿಂದಿನಿಂದಽ ಹೇಳು. ಒಂದೇ ಮಾತು. ನಿನ್ನ ಮಗಾ ಶ್ಯಾಣ್ಯಾನೊ, ಹುಚ್ಚನೊ? ಹುಚ್ಚ ಅಂದ್ರ ಹುಚ್ಚನ ಕೈಯಾಗ ದೇವೀನ್ನ ಕೊಡಾಕ ಬರಂಗಿಲ್ಲ. ಶ್ಯಾಣ್ಯಾ ಅಂದ್ರ ಅವ ಅಂದದ್ದೆಲ್ಲಾ ಖರೆ."

ಹುಚ್ಚ, ಮೂಳ, ಖೋಡಿ. ದಿನಕ್ಕೆ ನೂರು ಸಲ ಅಂದ ಬಾಯಿ. ಈಗ ಒಂದು ಸಲ ಅನ್ನಬೇಕು ಅಂದರೂ ನಾಲಿಗೆ ಏಳಲಿಲ್ಲ. ಶ್ಯಾಣ್ಯಾ ಅನ್ನಲಿಕ್ಕೂ ಏಳಲಿಲ್ಲ. ದೇವೇಂದ್ರಪ್ಪ ಆಗಲೇ ಮಾಳಿಗೆಯ ತೊಲೆ ಎಣಿಸುತ್ತಿದ್ದ.

ಅಷ್ಟರಲ್ಲಿ ಹಿತ್ತಲ ಸಂದಿಯಿಂದ, ಓಣಿಗೆಲ್ಲ ಕೇಳುವ ಹಾಗೆ ಕೂಗು. ದಿನಾ ಕೆಲಸ ಮುಗಿದ ಮೇಲೆ ಕಾಳವ್ವ ಕೊಡ ಹಿಡಿದು ಹಿತ್ತಲಿಗೆ ಹೋಗಿ, ನೆರೆಹೊರೆಯ ಕಿವಿಗೆ ಬೀಳಲಿ ಅಂತ ಕೂಗುತ್ತಿದ್ದ ಅದೇ ಕೂಗು.

"ಮುಗೀತೇನೊ ಮೋನಪ್ಪಾ? ಭಾಳ ಚಂದ ಮಾಡೀಯೊ ನನ್ನ ಮಗನ! ನಿಮ್ಮಪ್ಪನ ಕೈ ಇಳದೈತೊ ನಿನಗ!"

ಹೊರಗಿನವನು ಕಾದ. ಒಳಗಿದ್ದವರು ಉತ್ತರ ಕೊಡಬೇಕಲ್ಲ, ಪದ್ಧತಿ ಹಂಗಿತ್ತು. ಮತ್ತೆ ಕೂಗಿದ, ಇನ್ನೂ ಜೋರಾಗಿ.

"ಮುಗೀತೇನೊ ಮೋನಪ್ಪಾ?"

ಕಾಳವ್ವ ಬಾಗಿಲು ದಾಟಿ ಹೊರಗೆ ಬಂದಳು. ಗಂಡಸರ ಎದುರಿಗೆ ಸೆರಗು ಎಳೆದುಕೊಳ್ಳಲಿಲ್ಲ. ದ್ಯಾಮವ್ವನ ಮುಖ ಒಂದು ಸಲ ಕಣ್ತುಂಬ ನೋಡಿದಳು.

"ಮುಗೀತೊ ನನ್ನಪ್ಪಾ" ಅಂದಳು. "ಮುಗೀತು."

ಗೌಡ ಎದ್ದ, ಪೂಜಾರಿ ಎದ್ದ. ದೇವೇಂದ್ರಪ್ಪ ಏಳಲಿಲ್ಲ, ಅವನಿಗೆ ಆ ಮನೆಯಿಂದ ಇನ್ನು ಏಳುವ ಜರೂರು ಏನಿತ್ತು. ಗೌಡ ಅಗಳಿ ತೆಗೆದು ಮುಂಬಾಗಿಲು ತೆರೆದರೆ ಹೊಸ್ತಿಲ ಆಚೆ ಮೋನಪ್ಪ ನಿಂತಿದ್ದ. ತಲೆಯ ಮೇಲೆ ವಲ್ಲಿ, ಸೊಂಟದ ಮೇಲೆ ನೀರಿನ ಕೊಡ.

ಅವರನ್ನೆಲ್ಲ ಕಂಡು ಬೆರಳು ಮೂಗಿನ ಮೇಲೆ ಇಟ್ಟುಕೊಂಡ.

"ಅಯ್ಯ ಶಿವನ! ನೀವೆಲ್ಲಾ ಯಾವಾಗ ಬಂದ್ರಿ? ನಾ ನೀರಿಗೆ ಹೋಗಿದ್ನೆವ್ವಾ, ನನಗೇನ್ ಗೊತ್ತು! ಒಳಗ ನನ್ನ ಮಗಾ ಒಬ್ಬಾವನಽ ಮಾಡ್ಯಾನ."